ಫ್ಲಾರೆನ್ಸ್ ನೈಟಿಂಗೇಲ್: ದೀಪದ ಕಥೆ ಎಲ್ಲರಿಗೂ ಗೊತ್ತು, ಲೆಕ್ಕದ ಕಥೆ ಗೊತ್ತೇ?

ಮೇ 12 ಬಂತೆಂದರೆ ಸಾಕು, ಮೊಬೈಲಿಗೆ ಒಂದು ಚಿತ್ರ ಬಂದೇ ಬರುತ್ತದೆ. ಕತ್ತಲು ತುಂಬಿದ ಆಸ್ಪತ್ರೆ, ಸಾಲು ಸಾಲು ಹಾಸಿಗೆ, ಕೈಯಲ್ಲಿ ದೀಪ ಹಿಡಿದು ನಡೆಯುತ್ತಿರುವ ಮಹಿಳೆ. ಕೆಳಗೆ ನಾಲ್ಕು ಸಾಲು ಬರಹ. ಈ ಮಹಾತಾಯಿ ಯುದ್ಧಭೂಮಿಗೆ ಕಾಲಿಟ್ಟ ಕೂಡಲೇ ಸೈನಿಕರ ಸಾವು ನೂರಕ್ಕೆ 42ರಿಂದ 2ಕ್ಕೆ ಇಳಿಯಿತು, ಕೈ ತೊಳೆಯುವುದನ್ನು ಜಗತ್ತಿಗೆ ಕಲಿಸಿದವರೇ ಇವರು, ಪೈ ಚಾರ್ಟ್ ಕಂಡುಹಿಡಿದವರೂ ಇವರೇ ಎಂದೆಲ್ಲ ಅದರಲ್ಲಿರುತ್ತದೆ.

42 ಎಂಬ ಅಂಕಿ ನಿಜ. 2 ಎಂಬ ಅಂಕಿಯೂ ನಿಜ. ಆದರೆ ಅವೆರಡರ ನಡುವೆ ಏನಾಯಿತು ಎಂಬುದನ್ನು ಫಾರ್ವರ್ಡ್ ಹೇಳುವುದಿಲ್ಲ. ಆ ನಡುವಿನ ಕಥೆ ಗೊತ್ತಾದರೆ ನರ್ಸ್ ಎಂದರೆ ಯಾರು, ಅವರ ಕೆಲಸ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆಯೇ ಬೇರೆಯಾಗಿ ಕಾಣುತ್ತದೆ. ನರ್ಸ್ ಪ್ರಾಕ್ಟೀಷನರ್ ಎಂಬ ಹುದ್ದೆಯ ಬಗ್ಗೆ ಇಂದು ನಡೆಯುತ್ತಿರುವ ಚರ್ಚೆಗೂ ಆ ಕಥೆಗೂ ನೇರ ಸಂಬಂಧವಿದೆ.

ಶ್ರೀಮಂತರ ಮನೆಯ ಹಟಮಾರಿ ಮಗಳು

ಫ್ಲಾರೆನ್ಸ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ತಂದೆ ತಾಯಿ ಇಂಗ್ಲೆಂಡಿನವರು, ಆಗರ್ಭ ಶ್ರೀಮಂತರು. ಮದುವೆಯಾದ ಮೇಲೆ ಯುರೋಪ್ ಪ್ರವಾಸದಲ್ಲಿದ್ದಾಗ ಮಗಳು ಹುಟ್ಟಿದಳು, ಊರಿನ ಹೆಸರನ್ನೇ ಇಟ್ಟರು. ಒಂದು ವರ್ಷ ದೊಡ್ಡವಳಾದ ಅಕ್ಕ ಹುಟ್ಟಿದ್ದು ನೇಪಲ್ಸ್‌ನಲ್ಲಿ. ಆ ಊರಿನ ಹಳೆಯ ಗ್ರೀಕ್ ಹೆಸರು ಪಾರ್ಥೆನೋಪಿ, ಅಕ್ಕನ ಹೆಸರೂ ಅದೇ.

ಆ ಕಾಲದ ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳಿಗೆ ಕಾಲೇಜು ಇರಲಿಲ್ಲ. ತಂದೆ ವಿಲಿಯಂ ಮನೆಯಲ್ಲೇ ಇಬ್ಬರು ಮಕ್ಕಳಿಗೂ ಗ್ರೀಕ್, ಲ್ಯಾಟಿನ್, ಇತಿಹಾಸ ಕಲಿಸಿದರು. ಫ್ಲಾರೆನ್ಸ್‌ಗೆ ಗಣಿತದ ಹುಚ್ಚು. ಮುಂದೆ ಅವರ ಜೀವನದಲ್ಲಿ ದೀಪಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಗಣಿತವೇ.

1837ರಲ್ಲಿ, 16ನೇ ವಯಸ್ಸಿನಲ್ಲಿ, ದೇವರು ತನ್ನನ್ನು ಸೇವೆಗೆ ಕರೆದ ಎಂಬ ಅನುಭವ ಅವರಿಗಾಯಿತು. ಕೆಲವು ವರ್ಷಗಳಲ್ಲಿ ಆ ಸೇವೆ ಎಂದರೆ ರೋಗಿಗಳ ಆರೈಕೆ ಎಂದು ಮನಸ್ಸಿಗೆ ಸ್ಪಷ್ಟವಾಯಿತು. ಮನೆಯಲ್ಲಿ ಹೇಳಿದಾಗ ದೊಡ್ಡ ರಂಪವೇ ಆಯಿತು. ಅಂದಿನ ಆಸ್ಪತ್ರೆಗಳು ಬಡವರು ಸಾಯಲು ಹೋಗುವ ಜಾಗಗಳು. ಅನುಕೂಲವಿದ್ದವರು ವೈದ್ಯರನ್ನು ಮನೆಗೇ ಕರೆಸಿಕೊಳ್ಳುತ್ತಿದ್ದರು. ನರ್ಸ್ ಎಂದರೆ ತರಬೇತಿಯಿಲ್ಲದ, ಕಡಿಮೆ ಕೂಲಿಯ ಕೆಲಸದಾಕೆ ಎಂಬ ಭಾವನೆ ಇತ್ತು. ಕುಡುಕಿಯರು ಎಂಬ ಕೆಟ್ಟ ಹೆಸರೂ ಇತ್ತು. ಇಂಥ ಕೆಲಸಕ್ಕೆ ನಮ್ಮ ಮಗಳೇ ಎಂದು ತಾಯಿ, ಅಕ್ಕ ಇಬ್ಬರೂ ವರ್ಷಗಟ್ಟಲೆ ತಡೆದರು.

ಫ್ಲಾರೆನ್ಸ್ ಬಿಡಲಿಲ್ಲ. ಬೆಳಗಿನ ಜಾವ ಎದ್ದು ಆಸ್ಪತ್ರೆ ವರದಿಗಳನ್ನು ಓದಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಒಳ್ಳೆಯ ಮನೆತನದ ವರ ರಿಚರ್ಡ್ ಮಾಂಕ್‌ಟನ್ ಮಿಲ್ನ್ಸ್ ವರ್ಷಗಟ್ಟಲೆ ಕಾದರೂ, ಮದುವೆಯಾದರೆ ಈ ಕೆಲಸ ಆಗದು ಎಂದು ಬೇಡವೆಂದರು. 1851ರಲ್ಲಿ ಕೊನೆಗೂ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಮೂರು ತಿಂಗಳ ತರಬೇತಿ ಪಡೆದರು. 1853ರಲ್ಲಿ ಲಂಡನ್ನಿನ ಹಾರ್ಲಿ ಸ್ಟ್ರೀಟ್‌ನ ಒಂದು ಸಣ್ಣ ಮಹಿಳಾ ಆಸ್ಪತ್ರೆಯ ಮೇಲ್ವಿಚಾರಕಿಯಾದರು. ಆಗ ಅವರಿಗೆ 33 ವರ್ಷ. ತಂದೆ ವರ್ಷಕ್ಕೆ 500 ಪೌಂಡ್ ಖರ್ಚಿಗೆ ಕೊಡಲು ಒಪ್ಪಿದ್ದರಿಂದ ಸಂಬಳದ ಚಿಂತೆ ಇರಲಿಲ್ಲ. ಎಲ್ಲ ನರ್ಸ್‌ಗಳಿಗೂ ಇಂಥ ಅನುಕೂಲ ಇರಲಿಲ್ಲ ಎಂಬುದನ್ನು ನೆನಪಿನಲ್ಲಿಡಬೇಕು.

ಯುದ್ಧದ ಆಸ್ಪತ್ರೆಯಲ್ಲಿ ನಿಜವಾಗಿ ನಡೆದದ್ದೇನು?

1854ರಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ತುರ್ಕಿ ಸೇರಿ ರಷ್ಯಾ ವಿರುದ್ಧ ಕ್ರಿಮಿಯಾದಲ್ಲಿ ಹೋರಾಡುತ್ತಿದ್ದವು. ಗಾಯಾಳುಗಳನ್ನು ಹಡಗಿನಲ್ಲಿ ತುಂಬಿ ಇಸ್ತಾಂಬುಲ್ ಪಕ್ಕದ ಸ್ಕುಟಾರಿಗೆ ತರುತ್ತಿದ್ದರು. ಅಲ್ಲಿ ತುರ್ಕಿ ಸೇನೆಯ ದೊಡ್ಡ ಬ್ಯಾರಕ್ ಒಂದನ್ನು ಆಸ್ಪತ್ರೆ ಮಾಡಿದ್ದರು. ಬ್ಯಾಂಡೇಜಿಗೂ ಗತಿಯಿಲ್ಲದೆ ಸೈನಿಕರು ಸಾಯುತ್ತಿದ್ದಾರೆ ಎಂದು ಲಂಡನ್ನಿನ ಟೈಮ್ಸ್ ಪತ್ರಿಕೆ ವರದಿ ಮಾಡಿತು. ಜನ ಸಿಟ್ಟಿಗೆದ್ದರು. ಸಚಿವ ಸಿಡ್ನಿ ಹರ್ಬರ್ಟ್ ತಮಗೆ ಮೊದಲೇ ಪರಿಚಯವಿದ್ದ ನೈಟಿಂಗೇಲ್ ಅವರಿಗೆ ಹೋಗುವಂತೆ ಕೇಳಿಕೊಂಡರು.

1854ರ ಅಕ್ಟೋಬರ್ 21ರಂದು 38 ಮಹಿಳೆಯರೊಂದಿಗೆ ಅವರು ಹೊರಟರು. ಆ 38 ಜನರಲ್ಲಿ 14 ಮಂದಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ನರ್ಸ್‌ಗಳು, ಉಳಿದವರು ಬೇರೆ ಬೇರೆ ಕ್ರೈಸ್ತ ಸಂಸ್ಥೆಗಳ ಸನ್ಯಾಸಿನಿಯರು. ಆಸ್ಪತ್ರೆಯಲ್ಲಿ ನರ್ಸ್‌ಗಳನ್ನು ನಾವು ಇಂದಿಗೂ ಸಿಸ್ಟರ್ ಎಂದು ಕರೆಯುವುದು ಇಂಥ ಸನ್ಯಾಸಿನಿಯರ ಕಾಲದಿಂದ ಉಳಿದುಬಂದ ರೂಢಿ.

ನವೆಂಬರ್ 4ಕ್ಕೆ ಸ್ಕುಟಾರಿ ತಲುಪಿದರು. ಅಲ್ಲಿನ ಸೇನಾ ವೈದ್ಯರಿಗೆ ಈ ಹೆಂಗಸರು ಬೇಡವಾಗಿತ್ತು. ವಾರ್ಡಿನೊಳಗೆ ಕೆಲಸ ಕೊಡಲಿಲ್ಲ. ನೈಟಿಂಗೇಲ್ ಜಗಳಕ್ಕೆ ನಿಲ್ಲಲಿಲ್ಲ. ವೈದ್ಯರು ಕರೆಯುವ ತನಕ ಯಾರೂ ರೋಗಿಯನ್ನು ಮುಟ್ಟಬಾರದು ಎಂದು ತಮ್ಮವರಿಗೇ ಕಟ್ಟುನಿಟ್ಟಾಗಿ ಹೇಳಿದರು. ಅಲ್ಲಿಯತನಕ ಬಟ್ಟೆ ಹೊಲಿಯುವುದು, ಅಡುಗೆಯ ಏರ್ಪಾಡು, ಸಾಮಾನು ಲೆಕ್ಕ ಮಾಡುವುದು. ಕೆಲವೇ ದಿನಗಳಲ್ಲಿ ಇಂಕರ್ಮನ್ ಯುದ್ಧದ ಗಾಯಾಳುಗಳು ಹಡಗುಗಟ್ಟಲೆ ಬಂದಿಳಿದರು. ವೈದ್ಯರಿಗೆ ಕೈ ಸಾಲಲಿಲ್ಲ, ನರ್ಸ್‌ಗಳನ್ನು ಕರೆದರು.

ಟೈಮ್ಸ್ ಓದುಗರು ಕೊಟ್ಟ ದೇಣಿಗೆಯ ಹಣದಲ್ಲಿ ಅವರು ಅಂಗಿ, ಟವೆಲ್, ಸಾಬೂನು, ಪಾತ್ರೆ ಕೊಂಡರು. ಬಟ್ಟೆ ಒಗೆಯುವ ವ್ಯವಸ್ಥೆ ಮಾಡಿದರು. ರೋಗಿಗಳಿಗೆ ಬೇಕಾದ ಮೆತ್ತನೆ ಆಹಾರಕ್ಕೆ ಬೇರೆ ಅಡುಗೆಮನೆ ತೆರೆದರು. ರಾತ್ರಿ ಮೈಲಿಗಟ್ಟಲೆ ಉದ್ದದ ಹಾಸಿಗೆ ಸಾಲುಗಳ ನಡುವೆ ದೀಪ ಹಿಡಿದು ಓಡಾಡಿದ್ದೂ ನಿಜ.

ಆದರೆ ಫಾರ್ವರ್ಡ್ ಹೇಳದ ಮಾತು ಇಲ್ಲಿದೆ. ಅವರು ಬಂದ ಮೇಲೆ ಸಾವು ಇಳಿಯಲಿಲ್ಲ, ಏರಿತು. ನವೆಂಬರ್‌ನಿಂದ ತಿಂಗಳು ತಿಂಗಳಿಗೂ ಹೆಚ್ಚುತ್ತಾ ಹೋಗಿ 1855ರ ಫೆಬ್ರವರಿಯಲ್ಲಿ ಸ್ಕುಟಾರಿಯಲ್ಲಿ ಸಾವಿನ ಪ್ರಮಾಣ ನೂರಕ್ಕೆ 42 ಮುಟ್ಟಿತು. ಅಂದರೆ 42 ಎಂಬುದು ಅವರು ಬರುವ ಮೊದಲಿನ ಅಂಕಿಯಲ್ಲ. ಅವರು ಬಂದು ಮೂರು ತಿಂಗಳಾದ ಮೇಲಿನ ಅಂಕಿ. ಆ ಒಂದೇ ಚಳಿಗಾಲದಲ್ಲಿ ಅಲ್ಲಿ 4 ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತರು. ಹೆಚ್ಚಿನವರನ್ನು ಕೊಂದದ್ದು ಗುಂಡಲ್ಲ, ಭೇದಿ, ಆಮಶಂಕೆ, ಟೈಫಸ್, ಕಾಲರಾ.

ಕಾರಣ ಕಟ್ಟಡದ ಕೆಳಗಿತ್ತು. ಆಸ್ಪತ್ರೆಯ ಚರಂಡಿಗಳು ಕಟ್ಟಿಕೊಂಡು ಕೊಳಚೆ ಅಲ್ಲೇ ನಿಂತಿತ್ತು. ನೀರು ಕೆಟ್ಟಿತ್ತು. ಗಾಳಿಯಾಡುತ್ತಿರಲಿಲ್ಲ. ಅಂಥ ಜಾಗಕ್ಕೆ ದಿನವೂ ನೂರಾರು ಜನರನ್ನು ತಂದು ತುಂಬುತ್ತಿದ್ದರು. ಮೇಲೆ ಎಷ್ಟೇ ಪ್ರೀತಿಯಿಂದ ಆರೈಕೆ ಮಾಡಿದರೂ ಕೆಳಗಿನ ಕೊಳಚೆ ಗೆಲ್ಲುತ್ತಿತ್ತು.

1855ರ ಮಾರ್ಚ್‌ನಲ್ಲಿ ಬ್ರಿಟಿಷ್ ಸರ್ಕಾರ ಒಂದು ನೈರ್ಮಲ್ಯ ತಂಡವನ್ನು ಕಳಿಸಿತು. ಅದರಲ್ಲಿ ವೈದ್ಯ ಜಾನ್ ಸದರ್ಲೆಂಡ್, ಎಂಜಿನಿಯರ್ ರಾಬರ್ಟ್ ರಾಲಿನ್ಸನ್ ಮುಂತಾದವರಿದ್ದರು. ಅವರು ಚರಂಡಿಗಳನ್ನು ಬಿಡಿಸಿ ತೊಳೆಸಿದರು, ಸತ್ತ ಪ್ರಾಣಿಗಳನ್ನೂ ಕಸವನ್ನೂ ಗಾಡಿಗಟ್ಟಲೆ ಹೊರಹಾಕಿಸಿದರು, ಗಾಳಿ ಬರಲು ದಾರಿ ಮಾಡಿದರು, ಗೋಡೆಗೆ ಸುಣ್ಣ ಬಳಿಸಿದರು. ಅದೇ ಬೇಸಿಗೆಯ ಹೊತ್ತಿಗೆ ಸಾವು ನೂರಕ್ಕೆ 2ರ ಆಸುಪಾಸಿಗೆ ಬಂತು. ಚಳಿ ಕಡಿಮೆಯಾದದ್ದು, ಜನದಟ್ಟಣೆ ತಗ್ಗಿದ್ದು, ಊಟ ಮತ್ತು ಸಾಮಾನಿನ ಪೂರೈಕೆ ಸುಧಾರಿಸಿದ್ದು ಸಹ ನೆರವಾಯಿತು.

ಹಾಗಾದರೆ ನೈಟಿಂಗೇಲ್ ಮಾಡಿದ್ದೇನೂ ಇಲ್ಲವೇ? ಖಂಡಿತ ಇದೆ. ಅವರ ದೊಡ್ಡ ಕೆಲಸ ಶುರುವಾಗಿದ್ದೇ ಯುದ್ಧ ಮುಗಿದ ಮೇಲೆ.

ತಮ್ಮ ಆಸ್ಪತ್ರೆಯ ಸಾವನ್ನೇ ಲೆಕ್ಕ ಹಾಕಿದರು

1856ರ ಆಗಸ್ಟ್‌ನಲ್ಲಿ ಊರಿಗೆ ಮರಳುವ ಹೊತ್ತಿಗೆ ಅವರು ಇಂಗ್ಲೆಂಡಿನ ಮನೆಮಾತಾಗಿದ್ದರು. ಮೆರವಣಿಗೆ, ಸನ್ಮಾನ ಯಾವುದಕ್ಕೂ ಹೋಗಲಿಲ್ಲ. ಸದ್ದಿಲ್ಲದೆ ಮನೆ ಸೇರಿ, ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞರ ಜೊತೆ ಸೈನ್ಯದ ದಾಖಲೆಗಳನ್ನು ಹರವಿಕೊಂಡು ಕುಳಿತರು.

ಸ್ಕುಟಾರಿಯಲ್ಲಿದ್ದಾಗ ಅವರು ನಂಬಿದ್ದೇ ಬೇರೆ. ಊಟ ಬಟ್ಟೆಯ ಕೊರತೆಯಿಂದ, ಮುಂಚೂಣಿಯಲ್ಲಿ ನಿತ್ರಾಣರಾಗಿ ತಡವಾಗಿ ಬರುವುದರಿಂದ ಸೈನಿಕರು ಸಾಯುತ್ತಿದ್ದಾರೆ ಎಂದುಕೊಂಡಿದ್ದರು. ಅಂಕಿಗಳು ಬೇರೆಯದನ್ನೇ ಹೇಳಿದವು. ಆಸ್ಪತ್ರೆಯ ಕೊಳಕೇ ದೊಡ್ಡ ಕೊಲೆಗಾರ, ತಮ್ಮ ಆಸ್ಪತ್ರೆಯೇ ಅತಿ ಕೆಟ್ಟವುಗಳಲ್ಲಿ ಒಂದು ಎಂದು ಗೊತ್ತಾಯಿತು. ಇಡೀ ದೇಶ ಹೊಗಳುತ್ತಿರುವಾಗ ಈ ಸತ್ಯವನ್ನು ಮುಚ್ಚಿಡುವುದು ಬಹಳ ಸುಲಭವಿತ್ತು. ಅವರು ಅದನ್ನು ಅಚ್ಚು ಹಾಕಿಸಿದರು.

ಓದಲು ಬೇಸರಪಡುವ ಮಂತ್ರಿಗಳಿಗಾಗಿ 1858ರಲ್ಲಿ ಒಂದು ಬಣ್ಣದ ಚಿತ್ರ ಮಾಡಿಸಿದರು. ಗುಂಡಾದ ಹೂವಿನಂತಿರುವ ಚಿತ್ರ, ತಿಂಗಳಿಗೊಂದು ದಳದಂತೆ 12 ದಳ. ನೀಲಿ ಭಾಗ ತಡೆಯಬಹುದಾದ ರೋಗಗಳ ಸಾವು, ಕೆಂಪು ಗಾಯದ ಸಾವು, ಕಪ್ಪು ಉಳಿದ ಕಾರಣಗಳ ಸಾವು. ನೋಡಿದ ಕೂಡಲೇ ನೀಲಿ ಕಣ್ಣಿಗೆ ರಾಚುತ್ತದೆ. ಸೈನಿಕರನ್ನು ಕೊಂದದ್ದು ಶತ್ರುವಲ್ಲ ಎಂದು ಹೇಳಲು ಒಂದು ಪುಟ ಸಾಕಾಯಿತು. ಅದೇ ವರ್ಷ ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಅವರನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿಕೊಂಡಿತು.

ಯುದ್ಧವಿಲ್ಲದ ಕಾಲದಲ್ಲೂ ಇಂಗ್ಲೆಂಡಿನ ಬ್ಯಾರಕ್‌ಗಳಲ್ಲಿ ತರುಣ ಸೈನಿಕರು ಅದೇ ವಯಸ್ಸಿನ ನಾಗರಿಕರಿಗಿಂತ ಸುಮಾರು ಎರಡು ಪಟ್ಟು ಸಾಯುತ್ತಿದ್ದಾರೆ ಎಂಬುದನ್ನೂ ಅವರು ತೋರಿಸಿದರು. ಬ್ಯಾರಕ್‌ಗಳ ನೀರು, ಗಾಳಿ, ಚರಂಡಿ ಬದಲಾದದ್ದು ಈ ಲೆಕ್ಕದಿಂದ.

ಫಾರ್ವರ್ಡ್‌ಗಳ ಇನ್ನೂ ಮೂರು ಮಾತು

ಪೈ ಚಾರ್ಟ್ ಕಂಡುಹಿಡಿದವರು ನೈಟಿಂಗೇಲ್ ಎಂಬುದು ತಪ್ಪು. ಅದನ್ನು 1801ರಲ್ಲೇ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಬಳಸಿದ್ದರು. ನೈಟಿಂಗೇಲ್ ಅವರ ಹೂವಿನ ಚಿತ್ರ ಬೇರೆ ಬಗೆಯದು. ಅಲ್ಲಿ ಪ್ರತಿ ದಳದ ಕೋನ ಒಂದೇ, ಸಾವು ಹೆಚ್ಚಿದಷ್ಟು ದಳ ಹೊರಕ್ಕೆ ದೊಡ್ಡದಾಗುತ್ತದೆ.

ಕೈ ತೊಳೆಯುವುದನ್ನು ಕಲಿಸಿದ ಮೊದಲಿಗರು ಎಂಬುದೂ ಪೂರ್ತಿ ಸರಿಯಲ್ಲ. 1847ರಲ್ಲೇ ವಿಯೆನ್ನಾದ ವೈದ್ಯ ಸೆಮೆಲ್‌ವೈಸ್, ಶವಪರೀಕ್ಷೆ ಮಾಡಿದ ಕೈಯಲ್ಲೇ ಹೆರಿಗೆ ಮಾಡಿಸುವುದರಿಂದ ಬಾಣಂತಿಯರು ಸಾಯುತ್ತಾರೆ ಎಂದು ಗುರುತಿಸಿ, ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಸಿದ್ದರು. ನೈಟಿಂಗೇಲ್ ತಮ್ಮ ನೋಟ್ಸ್ ಆನ್ ನರ್ಸಿಂಗ್ ಪುಸ್ತಕದಲ್ಲಿ ನರ್ಸ್‌ಗಳು ಆಗಾಗ ಕೈ ತೊಳೆಯಬೇಕೆಂದು ಹೇಳಿದ್ದು ನಿಜ. ಆದರೆ ಆಗ ಅವರು ನಂಬಿದ್ದು ರೋಗಾಣುವನ್ನಲ್ಲ. ಕೊಳಕಿನಿಂದೇಳುವ ಕೆಟ್ಟ ಗಾಳಿಯೇ ರೋಗಕ್ಕೆ ಕಾರಣ ಎಂಬುದು ಆ ಕಾಲದ ಬಹುತೇಕರ ನಂಬಿಕೆ, ಅವರದೂ ಅದೇ. ಸಿದ್ಧಾಂತ ತಪ್ಪಾಗಿದ್ದರೂ ಕಿಟಕಿ ತೆರೆಯುವುದು, ಚರಂಡಿ ಸರಿಪಡಿಸುವುದು, ಬಟ್ಟೆ ಒಗೆಯುವುದು ರೋಗಾಣುಗಳನ್ನೂ ದೂರ ಇಟ್ಟಿತು. 1880ರ ದಶಕದ ಹೊತ್ತಿಗೆ ಅವರೂ ರೋಗಾಣುನಾಶಕಗಳ ಬಳಕೆಯನ್ನು ಬರೆಯತೊಡಗಿದರು.

ಮೂರನೆಯದು ದೀಪ. ಚಿತ್ರಗಳಲ್ಲಿ ಅಲ್ಲಾವುದ್ದೀನನ ದೀಪದಂಥದ್ದು ಕಾಣುತ್ತದೆ. ಅವರು ಬಳಸಿದ್ದು ಮಡಚಬಹುದಾದ ತುರ್ಕಿ ಲಾಟೀನು. 1855ರಲ್ಲಿ ಪತ್ರಿಕೆಯೊಂದರಲ್ಲಿ ಬಂದ ಚಿತ್ರ, 1857ರಲ್ಲಿ ಅಮೆರಿಕದ ಲಾಂಗ್‌ಫೆಲೋ ಬರೆದ ಕವಿತೆ ಎರಡೂ ಸೇರಿ ದೀಪವನ್ನು ಶಾಶ್ವತ ಮಾಡಿಬಿಟ್ಟವು.

ಇನ್ನೊಂದು ಹೆಸರನ್ನು ಇಲ್ಲಿ ಹೇಳಲೇಬೇಕು. ಜಮೈಕಾದ ಮೇರಿ ಸೀಕೋಲ್ ತಮ್ಮದೇ ಹಣದಲ್ಲಿ ಕ್ರಿಮಿಯಾಕ್ಕೆ ಹೋಗಿ, ಯುದ್ಧಭೂಮಿಯ ಹತ್ತಿರವೇ ಬಿಡಾರ ಹೂಡಿ ಸೈನಿಕರಿಗೆ ಊಟ, ಔಷಧಿ ಕೊಟ್ಟರು. ಕಪ್ಪು ಬಣ್ಣದ ಈ ಮಹಿಳೆಯನ್ನು ಜಗತ್ತು ನೂರಕ್ಕೂ ಹೆಚ್ಚು ವರ್ಷ ಮರೆತೇಬಿಟ್ಟಿತ್ತು.

ಹಾಸಿಗೆಯಿಂದಲೇ ನಡೆಸಿದ ಕಚೇರಿ

1855ರ ಮೇ ತಿಂಗಳಲ್ಲಿ ಕ್ರಿಮಿಯಾದಲ್ಲಿ ನೈಟಿಂಗೇಲ್ ಅವರಿಗೇ ಭಾರೀ ಜ್ವರ ಬಂದು ಸಾವಿನ ಬಾಗಿಲಿಗೆ ಹೋಗಿ ಬಂದರು. ಅದು ಬ್ರುಸೆಲ್ಲೋಸಿಸ್ ಇರಬಹುದು ಎಂದು ಇಂದಿನ ಹಲವು ವೈದ್ಯರ ಅಂದಾಜು. ಕಾಯಿಸದ ಹಾಲಿನಿಂದ, ಸೋಂಕಿರುವ ದನ, ಆಡು, ಕುರಿಗಳಿಂದ ಹರಡುವ ಈ ರೋಗ ನಮ್ಮ ದೇಶದಲ್ಲಿ ಇಂದಿಗೂ ಇದೆ. ಹಸಿ ಹಾಲು ಆರೋಗ್ಯಕ್ಕೆ ಒಳ್ಳೆಯದು ಎಂಬ ಫಾರ್ವರ್ಡ್ ಬಂದರೆ ಇದನ್ನು ನೆನಪಿಸಿಕೊಳ್ಳಿ. ಚಿಕಿತ್ಸೆ ಇಲ್ಲದಿದ್ದರೆ ಅದು ವರ್ಷಗಟ್ಟಲೆ ಬೆನ್ನು ನೋವು, ಸುಸ್ತು ಉಳಿಸಬಹುದು.

1857ರಿಂದ ಮುಂದೆ ಅವರು ಬಹುಪಾಲು ಕೋಣೆಯಲ್ಲೇ, ಹಲವು ವರ್ಷ ಹಾಸಿಗೆಯಲ್ಲೇ ಉಳಿದರು. ಕೆಲಸ ನಿಲ್ಲಲಿಲ್ಲ. ಸಾವಿರಾರು ಪತ್ರ, ವರದಿ, ಪುಸ್ತಕ ಅಲ್ಲಿಂದಲೇ ಹೊರಬಂದವು. ಜನ ಕೂಡಿಸಿಕೊಟ್ಟ 44 ಸಾವಿರಕ್ಕೂ ಹೆಚ್ಚು ಪೌಂಡ್ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸ್ ತರಬೇತಿ ಶಾಲೆ ತೆರೆಸಿದರು. ಒಂದು ವರ್ಷದ ತರಬೇತಿ, ವಾರ್ಡಿನಲ್ಲಿ ಕಲಿಕೆ, ವೈದ್ಯರ ಪಾಠ, ಊಟ ವಸತಿ ಉಚಿತ. ನರ್ಸ್‌ಗಳ ಮೇಲ್ವಿಚಾರಣೆ ನರ್ಸ್ ಆದವರ ಕೈಯಲ್ಲೇ ಇರಬೇಕು ಎಂಬುದು ಅವರ ಕಡ್ಡಾಯ ನಿಯಮ. ಈ ಶಾಲೆಯಲ್ಲಿ ಕಲಿತವರು ದೂರದ ಸಿಡ್ನಿಯವರೆಗೂ ಹೋಗಿ ಹೊಸ ಶಾಲೆ ಕಟ್ಟಿದರು.

ಲಿವರ್‌ಪೂಲ್‌ನ ವ್ಯಾಪಾರಿ ವಿಲಿಯಂ ರಾಥ್‌ಬೋನ್ ಬಡವರ ಮನೆಮನೆಗೆ ನರ್ಸ್ ಕಳಿಸುವ ಯೋಜನೆ ಹಾಕಿದಾಗ ಮಾರ್ಗದರ್ಶನ ಕೊಟ್ಟವರು ಇವರೇ. ಅಲ್ಲಿನ ಅನಾಥ ಬಡವರ ಆಸ್ಪತ್ರೆಗೆ 1865ರಲ್ಲಿ ಇವರ ಶಿಷ್ಯೆ ಆಗ್ನೆಸ್ ಜೋನ್ಸ್ ಹೋದರು. ಮೂರು ವರ್ಷದಲ್ಲಿ ರೋಗಿಗಳಿಂದಲೇ ಟೈಫಸ್ ತಗುಲಿ ತೀರಿಕೊಂಡರು. ಸೇವೆ ಎಂಬ ಸಿಹಿ ಮಾತಿನ ಹಿಂದೆ ಇಂಥ ಸಾವುಗಳೂ ಇದ್ದವು. ಕೊರೊನಾ ಕಾಲದಲ್ಲಿ ನಾವೂ ಅದನ್ನು ಕಂಡೆವು.

ತಾವೇ ತೆರೆದ ವಾರ್ಡನ್ನು ತಾವೇ ಮುಚ್ಚಿಸಿದರು

ಅವರ ಬದುಕಿನಲ್ಲಿ ಎಲ್ಲಕ್ಕಿಂತ ಕಡಿಮೆ ಪ್ರಚಾರ ಪಡೆದ ಘಟನೆ ಇದು. ನರ್ಸಿಂಗ್ ಓದುವವರು ಇದನ್ನೇ ಮೊದಲು ಓದಬೇಕು.

1860ರ ದಶಕದ ಆರಂಭದಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಅವರ ನಿಧಿಯ ಹಣದಿಂದ ಒಂದು ಹೆರಿಗೆ ವಾರ್ಡ್ ತೆರೆಯಿತು. ಹಳ್ಳಿಗಳಿಗೆ ತರಬೇತಿ ಪಡೆದ ಸೂಲಗಿತ್ತಿಯರನ್ನು ಕೊಡಬೇಕು ಎಂಬುದು ಗುರಿ. ವೈದ್ಯರಿಲ್ಲದ ಊರಿನಲ್ಲಿ ಸಹಜ ಹೆರಿಗೆಯನ್ನು ತಾನೇ ನಿಭಾಯಿಸಬಲ್ಲ, ಅಪಾಯ ಕಂಡರೆ ಸಮಯಕ್ಕೆ ವೈದ್ಯರನ್ನು ಕರೆಸಬಲ್ಲ ಹೆಣ್ಣುಮಗಳು. ಇಂದಿನ ಮಾತಿನಲ್ಲಿ ಹೇಳುವುದಾದರೆ ಸ್ವಂತ ನಿರ್ಧಾರ ತೆಗೆದುಕೊಳ್ಳುವ ನರ್ಸ್.

ಯೋಜನೆ ಚೆನ್ನಾಗಿತ್ತು. ಆದರೆ ವಾರ್ಡಿನಲ್ಲಿ ಬಾಣಂತಿ ನಂಜು ಕಾಣಿಸಿಕೊಂಡು ತಾಯಂದಿರು ಸಾಯತೊಡಗಿದರು. 1867ರಲ್ಲಿ ವಾರ್ಡನ್ನು ಮುಚ್ಚಲಾಯಿತು. ನೈಟಿಂಗೇಲ್ ಅಷ್ಟಕ್ಕೆ ಬಿಡಲಿಲ್ಲ. ಯುರೋಪಿನ ನಾನಾ ಹೆರಿಗೆ ಆಸ್ಪತ್ರೆಗಳಿಂದ ಸಾವಿನ ಲೆಕ್ಕ ತರಿಸಿ, ಮನೆ ಹೆರಿಗೆಗಳ ಲೆಕ್ಕದ ಪಕ್ಕ ಇಟ್ಟು ನೋಡಿದರು. ಆಸ್ಪತ್ರೆಯಲ್ಲೇ ಹೆಚ್ಚು ತಾಯಂದಿರು ಸಾಯುತ್ತಿದ್ದರು. 1871ರಲ್ಲಿ ಇದನ್ನು ಪುಸ್ತಕವಾಗಿ ಪ್ರಕಟಿಸಿದರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮನೆ ಹೆರಿಗೆಯೇ ಉತ್ತಮ ಎಂದು ಇಂದು ಈ ಅಂಕಿಗಳನ್ನು ಹಿಡಿದು ಯಾರಾದರೂ ವಾದಿಸಿದರೆ ಒಪ್ಪಬೇಡಿ. ಅದು ಕೈಗವಸು, ಸೋಂಕುನಾಶಕ, ಆಂಟಿಬಯಾಟಿಕ್, ರಕ್ತ ಕೊಡುವ ವ್ಯವಸ್ಥೆ ಯಾವುದೂ ಇಲ್ಲದ ಕಾಲ. ಇಂದು ಆಸ್ಪತ್ರೆ ಹೆರಿಗೆಯೇ ನಮ್ಮ ತಾಯಂದಿರಿಗೆ ಸುರಕ್ಷಿತ. ಕಲಿಯಬೇಕಾದ ಪಾಠ ಬೇರೆ. ನಾನು ಮಾಡಿದ ಕೆಲಸದಿಂದ ರೋಗಿಗೆ ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂದು ಲೆಕ್ಕ ಇಟ್ಟು ನೋಡುವುದು, ಕೆಟ್ಟದ್ದಾಗಿದ್ದರೆ ನಿಲ್ಲಿಸುವುದು.

ಬೆಂಗಳೂರಿನ ಕೆರೆ, ನಮ್ಮ ಬರಗಾಲ

ನೈಟಿಂಗೇಲ್ ಭಾರತಕ್ಕೆ ಒಮ್ಮೆಯೂ ಬಂದಿರಲಿಲ್ಲ. ಆದರೆ 1859ರಲ್ಲಿ ಭಾರತದಲ್ಲಿನ ಸೈನ್ಯದ ಆರೋಗ್ಯದ ಬಗ್ಗೆ ಆಯೋಗ ನೇಮಕವಾದಾಗ ಇಲ್ಲಿನ ದಂಡು ಪ್ರದೇಶಗಳಿಗೆಲ್ಲ ಪ್ರಶ್ನಾವಳಿ ಕಳಿಸಿ ಉತ್ತರ ತರಿಸಿಕೊಂಡರು. ನೀರು ಎಲ್ಲಿಂದ, ಕೊಳಚೆ ಎಲ್ಲಿಗೆ, ಎಷ್ಟು ಜನ ಒಂದು ಕೋಣೆಯಲ್ಲಿ, ಎಷ್ಟು ಸಾವು. ಬೆಂಗಳೂರಿನಿಂದಲೂ ಉತ್ತರ ಹೋಗಿತ್ತು. ಕುಡಿಯಲು ಬಳಸುವ ಹಲಸೂರು ಕೆರೆಗೇ ಬಜಾರಿನ ಕೊಳಚೆ ಹರಿದು ಸೇರುತ್ತಿರುವುದನ್ನು ಅವರು ತಮ್ಮ ಟಿಪ್ಪಣಿಯಲ್ಲಿ ಎತ್ತಿ ತೋರಿಸಿದರು. ಬೆಂಗಳೂರಿನ ಕೆರೆಗಳ ಸುದ್ದಿ ಓದುವವರಿಗೆ ಇದೇನೂ ಹಳೆಯದೆನಿಸದು.

1863ರ ಆ ವರದಿಯ ಪ್ರಕಾರ ಭಾರತದಲ್ಲಿನ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು. ಸುಮಾರು ಹತ್ತು ವರ್ಷಗಳ ನೈರ್ಮಲ್ಯ ಕೆಲಸದ ನಂತರ ಅದು 18ಕ್ಕೆ ಇಳಿಯಿತು. ಆರಂಭದಲ್ಲಿ ಆಯೋಗಕ್ಕೆ ಬೇಕಾಗಿದ್ದುದು ತಮ್ಮ ಸೈನಿಕರ ಜೀವ ಮಾತ್ರ ಎಂಬುದು ನಿಜ. ಆದರೆ ಹೋಗುತ್ತಾ ಹೋಗುತ್ತಾ ನೈಟಿಂಗೇಲ್ ಗಮನ ಇಲ್ಲಿನ ಹಳ್ಳಿಗಳ ಕಡೆಗೂ ಹೊರಳಿತು. 1876ರಿಂದ 78ರವರೆಗೆ ಮೈಸೂರು, ಮದ್ರಾಸು ಸೀಮೆಗಳನ್ನು ಹಿಂಡಿದ, ನಮ್ಮ ಹಿರಿಯರು ಧಾತು ಈಶ್ವರ ಬರಗಾಲ ಎಂದು ನೆನೆಯುತ್ತಿದ್ದ ಕ್ಷಾಮದ ಸಮಯದಲ್ಲಿ ಅವರು ನೀರಾವರಿ ಬೇಕು, ರೈತನ ಸಾಲದ ಹೊರೆ ಇಳಿಯಬೇಕು ಎಂದು ಬ್ರಿಟಿಷ್ ಅಧಿಕಾರಿಗಳನ್ನು ಟೀಕಿಸಿ ಬರೆದರು.

ಅವರು ಒಪ್ಪದ ಒಂದು ಸುಧಾರಣೆ

ಎಲ್ಲ ವಿಷಯದಲ್ಲೂ ಅವರು ಕಾಲಕ್ಕಿಂತ ಮುಂದಿದ್ದರು ಎಂದರೆ ಅದೂ ಒಂದು ಫಾರ್ವರ್ಡ್ ಆಗುತ್ತದೆ. 1887ರಲ್ಲಿ ಎಥೆಲ್ ಬೆಡ್‌ಫರ್ಡ್ ಫೆನ್ವಿಕ್ ಎಂಬ ನರ್ಸ್ ಮುಂದಾಳತ್ವದಲ್ಲಿ ಒಂದು ಸಂಘ ಹುಟ್ಟಿತು. ಮೂರು ವರ್ಷದ ತರಬೇತಿ ಪಡೆದವರ ಹೆಸರು ಮಾತ್ರ ಅಧಿಕೃತ ಪಟ್ಟಿಯಲ್ಲಿರಬೇಕು ಎಂಬುದು ಅದರ ಬೇಡಿಕೆ. ನೈಟಿಂಗೇಲ್ ಇದನ್ನು ಬಲವಾಗಿ ವಿರೋಧಿಸಿದರು. ಪರೀಕ್ಷೆ ಬರೆದು ಪಟ್ಟಿ ಸೇರಿದವರೆಲ್ಲ ಒಳ್ಳೆಯ ನರ್ಸ್ ಆಗುವುದಿಲ್ಲ, ರೋಗಿಯ ಬಗೆಗಿನ ಕಾಳಜಿಯನ್ನು ಪರೀಕ್ಷೆ ಅಳೆಯದು ಎಂಬುದು ಅವರ ವಾದ. ಆದರೆ ಪಟ್ಟಿಯೇ ಇಲ್ಲದಿದ್ದರೆ ಯಾರು ಬೇಕಾದರೂ ನರ್ಸ್ ಎಂದು ಹೇಳಿಕೊಳ್ಳಬಹುದಲ್ಲ? ಈ ವಾದದಲ್ಲಿ ಕಾಲ ಫೆನ್ವಿಕ್ ಅವರ ಪರ ನಿಂತಿತು. 1919ರಲ್ಲಿ ಬ್ರಿಟನ್ನಿನಲ್ಲಿ ನೋಂದಣಿ ಕಾನೂನು ಬಂತು, ಪಟ್ಟಿಯ ಮೊದಲ ಹೆಸರು ಫೆನ್ವಿಕ್ ಅವರದ್ದೇ.

ನೈಟಿಂಗೇಲ್ ಆಗ ಇರಲಿಲ್ಲ. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಪಡೆದ ಮೊದಲ ಮಹಿಳೆಯಾದಾಗಲೇ ಅವರ ಕಣ್ಣು, ನೆನಪು ಎರಡೂ ಮಸುಕಾಗಿದ್ದವು. 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿ ಮಾಡುವ ಸರ್ಕಾರದ ಆಹ್ವಾನವನ್ನು ಕುಟುಂಬ ಒಪ್ಪಲಿಲ್ಲ. ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಚರ್ಚ್ ಅಂಗಳದಲ್ಲಿ ಮನೆಯವರ ಪಕ್ಕದಲ್ಲೇ ಅವರನ್ನು ಮಣ್ಣು ಮಾಡಿದರು.

ನರ್ಸ್ ಪ್ರಾಕ್ಟೀಷನರ್ ಎಂದರೆ ಯಾರು?

ನೈಟಿಂಗೇಲ್ ಜಗತ್ತಿನ ಮೊದಲ ನರ್ಸ್ ಪ್ರಾಕ್ಟೀಷನರ್ ಎಂದು ಯಾರಾದರೂ ಬರೆದರೆ ಅದು ಸರಿಯಲ್ಲ. ಚಿಕಿತ್ಸೆಯ ವಿಷಯದಲ್ಲಿ ನರ್ಸ್ ವೈದ್ಯರ ಸೂಚನೆಯನ್ನು ತಿಳಿವಳಿಕೆಯಿಂದ ಪಾಲಿಸಬೇಕು ಎಂದೇ ಅವರು ಕಲಿಸಿದ್ದು. ಆ ಹುದ್ದೆ ಹುಟ್ಟಿದ್ದು 1965ರಲ್ಲಿ, ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ. ನರ್ಸ್ ಲೊರೆಟ್ಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಸೇರಿ ಅದನ್ನು ಶುರು ಮಾಡಿದರು. ವೈದ್ಯರ ಕೊರತೆಯಿದ್ದ ಕಡೆ ಮಕ್ಕಳನ್ನು ಪರೀಕ್ಷಿಸಿ, ಸಾಮಾನ್ಯ ಕಾಯಿಲೆಗಳನ್ನು ನೋಡಿಕೊಳ್ಳುವಂತೆ ಅನುಭವಿ ನರ್ಸ್‌ಗಳಿಗೆ ಹೆಚ್ಚಿನ ತರಬೇತಿ ಕೊಟ್ಟರು.

ಇಂದು ಅಮೆರಿಕದಲ್ಲಿ ನರ್ಸ್ ಪ್ರಾಕ್ಟೀಷನರ್ ಆಗಲು ನರ್ಸಿಂಗ್ ಪದವಿಯ ಮೇಲೆ ಸ್ನಾತಕೋತ್ತರ ಪದವಿ ಅಥವಾ ಡಾಕ್ಟರೇಟ್ ಬೇಕು. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಅವರು ವೈದ್ಯರ ಮೇಲುಸ್ತುವಾರಿ ಇಲ್ಲದೆ ರೋಗಿಯನ್ನು ನೋಡಿ ಔಷಧಿ ಬರೆಯಬಹುದು. ಉಳಿದ ರಾಜ್ಯಗಳಲ್ಲಿ ಮಿತಿಗಳಿವೆ. ಈ ಮಿತಿ ಎಷ್ಟಿರಬೇಕು ಎಂಬ ಜಗ್ಗಾಟ ಅಲ್ಲಿ ಇನ್ನೂ ಮುಗಿದಿಲ್ಲ.

ನಮ್ಮಲ್ಲಿ ಸ್ಥಿತಿ ಬೇರೆ. ಭಾರತೀಯ ನರ್ಸಿಂಗ್ ಕೌನ್ಸಿಲ್ ತುರ್ತು ನಿಗಾ ಘಟಕಗಳಿಗಾಗಿ ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಸ್ನಾತಕೋತ್ತರ ಕೋರ್ಸ್ ರೂಪಿಸಿದೆ. ಹಳ್ಳಿಯ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಇರುವವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರೇ. ಬಿಪಿ, ಶುಗರ್ ಪರೀಕ್ಷೆ ಮಾಡಿ, ನಿಗದಿತ ಮಾರ್ಗಸೂಚಿಯಂತೆ, ವೈದ್ಯರ ಸಲಹೆಯೊಂದಿಗೆ ಔಷಧಿ ಕೊಡುತ್ತಾರೆ. ಅಮೆರಿಕದಂತೆ ಸ್ವತಂತ್ರವಾಗಿ ಕ್ಲಿನಿಕ್ ನಡೆಸುವ ಅಧಿಕಾರ ಇಲ್ಲಿನ ನರ್ಸ್‌ಗೆ ಇಲ್ಲ. ಹಾಗಾಗಿ ಈ ಕೋರ್ಸ್ ಮಾಡಿದರೆ ಸಾಕು, ನಾಳೆಯೇ ಸ್ವಂತ ಕ್ಲಿನಿಕ್ ತೆರೆಯಬಹುದು ಎಂಬ ಜಾಹೀರಾತು ಕಂಡರೆ ನಂಬಬೇಡಿ.

ಮನೆಯಲ್ಲಿ ಯಾರಾದರೂ ನರ್ಸಿಂಗ್ ಸೇರಲು ಹೊರಟಿದ್ದರೆ ಇಷ್ಟು ನೋಡಿಕೊಳ್ಳಿ:

- ಕಾಲೇಜಿನ ಮಾನ್ಯತೆಯನ್ನು ಭಾರತೀಯ ನರ್ಸಿಂಗ್ ಕೌನ್ಸಿಲ್ ಮತ್ತು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ಕಡೆಯಿಂದಲೇ ಖಚಿತ ಮಾಡಿಕೊಳ್ಳಿ, ಏಜೆಂಟರ ಮಾತಿನಿಂದಲ್ಲ.
- ಕಾಲೇಜಿಗೆ ಸೇರಿದ ಆಸ್ಪತ್ರೆಯಲ್ಲಿ ನಿಜವಾಗಿ ರೋಗಿಗಳಿದ್ದಾರೆಯೇ ನೋಡಿ. ವಾರ್ಡ್ ಇಲ್ಲದೆ ನರ್ಸಿಂಗ್ ಕಲಿಯಲಾಗದು.
- ಓದು ಮುಗಿದ ಮೇಲೆ ರಾಜ್ಯ ಕೌನ್ಸಿಲ್‌ನಲ್ಲಿ ನೋಂದಣಿ ಕಡ್ಡಾಯ.
- ವಿದೇಶಕ್ಕೆ ಹೋಗುವ ಆಸೆಯಿದ್ದರೆ ಆ ದೇಶದ ನೋಂದಣಿ ಪರೀಕ್ಷೆ ಮತ್ತು ಕಾನೂನನ್ನು ಮೊದಲೇ ತಿಳಿದುಕೊಳ್ಳಿ. ಇಲ್ಲಿನ ಹುದ್ದೆಯ ಹೆಸರು ಅಲ್ಲಿ ಅದೇ ಅಧಿಕಾರ ಕೊಡುವುದಿಲ್ಲ.
- ಕೆಲಸಕ್ಕೆ ಸೇರಿದ ದಿನದಿಂದಲೇ ದಾಖಲೆ ಬರೆಯುವ ಅಭ್ಯಾಸ ಇರಲಿ. ಯಾವ ಔಷಧಿ, ಎಷ್ಟು ಹೊತ್ತಿಗೆ, ಯಾರ ಸೂಚನೆಯಂತೆ, ರೋಗಿಗೆ ಏನಾಯಿತು. ತೊಂದರೆ ಬಂದಾಗ ರೋಗಿಯನ್ನೂ ನರ್ಸನ್ನೂ ಕಾಯುವುದು ಅದೇ.

ನರ್ಸ್ ಎಷ್ಟು ದೂರ ತಾನೇ ನಿರ್ಧರಿಸಬಹುದು ಎಂಬ ಪ್ರಶ್ನೆಗೆ ಅಭಿಮಾನದ ಮಾತಿನಿಂದ ಉತ್ತರ ಸಿಗದು, ತಿರಸ್ಕಾರದಿಂದಲೂ ಸಿಗದು. ತರಬೇತಿ ಎಷ್ಟಿದೆ, ಅವರು ನೋಡಿಕೊಂಡ ರೋಗಿಗಳು ಹೇಗಿದ್ದಾರೆ ಎಂಬ ಲೆಕ್ಕವೇ ಅದಕ್ಕೆ ಉತ್ತರ ಕೊಡಬೇಕು. ಸ್ಕುಟಾರಿಯ ಸಾವುಗಳನ್ನೂ ತಮ್ಮದೇ ಹೆರಿಗೆ ವಾರ್ಡಿನ ಸಾವುಗಳನ್ನೂ ಮುಚ್ಚಿಡದೆ ಎಣಿಸಿದ ನೈಟಿಂಗೇಲ್ ಆ ದಾರಿಯನ್ನು ನೂರೈವತ್ತು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿದ್ದರು.